ಯಾವ ಪೈಕಿ ಎಂದು ಹೇಳದ ಬಾಯಾರು

ನಮ್ಮ ಕಡೆ ಓದುವುದೆಂದರೆ ಕೂಗುವುದು. ಸಂಜೆ ದೀಪ ಹಚ್ಚಿದ ಮೇಲೆ ಸಿಂದಗಿಯ ಯಾವ ಓಣಿಯಲ್ಲಿ ಹಾಯ್ದರೂ, ಯಾವ ಮನೆಯ ಹುಡುಗ ಯಾವ ಪಾಠದಲ್ಲಿದ್ದಾನೆ ಎಂಬುದು ದಾರಿಹೋಕರಿಗೂ ತಿಳಿಯುತ್ತಿತ್ತು. ಒಳಗೆ ರೊಟ್ಟಿ ಬಡಿಯುವ ತಾಯಿಗೂ ಹೊರಗೆ ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುವ ತಂದೆಗೂ ಮಗನ ದನಿ ಕೇಳುತ್ತಿರಬೇಕು. ದನಿ ನಿಂತಿತೆಂದರೆ ಮಗ ಮಲಗಿದ ಎಂದೇ ಅರ್ಥ. ಇಂಥ ಊರಿಗೆ ಬಂದು, ಹೊಸ ಕಾಲೇಜಿನ ಮೊದಲ ತಾಸಿನಲ್ಲಿಯೇ "ತುಟಿ ಮುಚ್ಚಿ ಓದ್ರಿ" ಎಂದವರು ನಮ್ಮ ಬಾಯಾರು.

ಕಲಿಸುವ ಹೆಂಗಸಿಗೆ ನಮ್ಮ ಕಡೆ ಬಾಯಾರು ಎನ್ನುತ್ತಾರೆ. ಕಾಲೇಜಿನಲ್ಲಿ ಮೇಡಂ ಎನ್ನಬೇಕೆಂದು ಪ್ರಿನ್ಸಿಪಾಲರು ಎಷ್ಟು ಹೇಳಿದರೂ ಊರು ಅವರನ್ನು ಬಾಯಾರು ಎಂದೇ ಕರೆಯಿತು, ನಾವೂ ಹಾಗೆಯೇ ಕರೆದೆವು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ಆ ಹೆಸರನ್ನು ತಿರುವಿ ಮುರುವಿ, ಇವರು ಯಾರ ಪೈಕಿ, ಯಾವ ಜಾತಿ ಇರಬಹುದು ಎಂದು ಹುಡುಕಲು ಕೂಡುತ್ತೀರಿ. ಎಪ್ಪತ್ತರ ದಶಕದುದ್ದಕ್ಕೂ ಸಿಂದಗಿ ಅದೊಂದೇ ಕೆಲಸ ಮಾಡಿ ದಣಿದಿದೆ.

ಕಾಲೇಜು ಆಗ ಒಂದು ಹಳೆಯ ಶೇಂಗಾ ಗೋದಾಮಿನಲ್ಲಿ ನಡೆಯುತ್ತಿತ್ತು. ಮಳೆಗಾಲದಲ್ಲಿ ಗೋಡೆಗಳಿಂದ ಎಣ್ಣೆಯ ವಾಸನೆ ಏಳುತ್ತಿತ್ತು. ನಾನು ಹೊರ್ತಿ ಕಡೆಯ ಹಳ್ಳಿಯವಳು, ಕುರಿ ಕಾಯುವವರ ಮನೆತನ. ಸಿಂದಗಿಯಲ್ಲಿ ಸೋದರಮಾವ ತಾಲೂಕು ಕಚೇರಿಯ ಸಿಪಾಯಿಯಾಗಿದ್ದ, ಅವನ ಮನೆಯಲ್ಲಿದ್ದು ಓದುತ್ತಿದ್ದೆ. ಬಾಯಾರು ಕಲಿಸುತ್ತಿದ್ದುದು ಸಮಾಜಶಾಸ್ತ್ರ. ಆ ಹೆಸರನ್ನೇ ನಾವು ಕೇಳಿರಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು "ಇದು ಯಾವ ಸಮಾಜದವರ ಶಾಸ್ತ್ರರಿ?" ಎಂದು ಕೇಳಿದ. ಬಾಯಾರು ನಗಲಿಲ್ಲ. "ಛಲೋ ಪ್ರಶ್ನಿ. ಮೂರು ವರ್ಷ ಇದನ್ನ ಓದೂಣು" ಎಂದರು.

ಎತ್ತರದ ಆಳು. ಬೂದಿ ಬಣ್ಣದ ನೂಲಿನ ಸೀರೆ, ಕೈಯಲ್ಲಿ ಸದಾ ಕರಿ ಛತ್ರಿ. ಹಣೆಯ ಮೇಲೆ ಕುಂಕುಮವಿಲ್ಲ, ವಿಭೂತಿಯಿಲ್ಲ, ಕೊರಳಲ್ಲಿ ಏನೂ ಇಲ್ಲ. ನಮ್ಮ ಮಾತನ್ನೇ ಕಲಿತು ಆಡುತ್ತಿದ್ದರು, ಆದರೆ ಪಾಠ ಒಪ್ಪಿಸುವವರ ಹಾಗೆ ಒಂದೊಂದು ಶಬ್ದವನ್ನೂ ಬಿಡಿಸಿ ಇಡುತ್ತಿದ್ದರು. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಛತ್ರಿಯನ್ನು ಬಿಚ್ಚಿ ಮತ್ತೆ ಮಡಿಚುತ್ತಿದ್ದರು. ಆ ಸಪ್ಪಳಕ್ಕೆ ನಾವು ಹೆದರುತ್ತಿದ್ದೆವು.

ತುಟಿ ಅಲುಗಿಸದೆ ಓದುವುದು ನಮಗೆ ಆಗುತ್ತಲೇ ಇರಲಿಲ್ಲ. ಕಣ್ಣು ಸಾಲಿನ ಮೇಲೆ ಹೋದ ಕೂಡಲೇ ಬಾಯಿ ತಾನಾಗಿ ಗೊಣಗುತ್ತಿತ್ತು. ಕಡೆಗೆ ಬಾಯಾರು, ಓದುವಾಗ ಹಲ್ಲಿನ ನಡುವೆ ಒಂದು ಬೇವಿನ ಕಡ್ಡಿ ಕಚ್ಚಿಕೊಳ್ಳಿ, ಕಡ್ಡಿ ಅಲುಗಿದರೆ ನೀವು ಓದುತ್ತಿಲ್ಲ, ಕೂಗುತ್ತಿದ್ದೀರಿ ಎಂದು ಉಪಾಯ ಹೇಳಿದರು. ಒಂದು ತಿಂಗಳಲ್ಲಿ ಓಣಿಗಳು ಸುಮ್ಮನಾದವು. ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಯ ಸಾಹುಕಾರರೊಬ್ಬರು ಮಗನ ರಟ್ಟೆ ಹಿಡಿದುಕೊಂಡು ಕಾಲೇಜಿಗೇ ಬಂದರು.

"ಏನ್ರಿ ಬಾಯಾರ ಇದು? ನಮ್ಮ ಹುಡುಗ ಸಂಜಿಯಿಂದ ಮಲಗೂತನಕ ಹಲ್ಲ ತಿಕ್ಕೊಂತ ಕುಂತಿರ್ತಾನ. ಇವ ಓದೂದು ಯಾವಾಗ?"

ಬಾಯಾರು ಹುಡುಗನ ಕೈಯಿಂದ ಪುಸ್ತಕ ಇಸಿದುಕೊಂಡು ಮುಚ್ಚಿದರು. "ನಿನ್ನೆ ಓದಿದ್ದನ್ನ ನಿಮ್ಮಪ್ಪಗ ಹೇಳು. ಪುಸ್ತಕದ ಮಾತಿನ್ಯಾಗ ಬ್ಯಾಡ, ನಿನ್ನ ಮಾತಿನ್ಯಾಗ." ಹುಡುಗ ತಡವರಿಸುತ್ತ, ಸಂತೆಗೆ ಬಂದವರು ಬರೇ ಮಾಲು ಮಾರಿ ಹೋಗುವುದಿಲ್ಲ, ಹೆಣ್ಣು ಗಂಡು ನೋಡುತ್ತಾರೆ, ಜಗಳ ಬಗೆಹರಿಸುತ್ತಾರೆ ಎಂದು ಹೇಳಿದ. ಸಾಹುಕಾರರು ಕೊನೆಯ ತನಕ ಕಿವಿಗೊಟ್ಟು ಕೇಳಿದರು. "ಇಷ್ಟ ತಿಳಿಯಾಕ ಕಾಲೇಜ ಯಾಕ ಬೇಕ್ರಿ? ನಮ್ಮ ಅಂಗಡ್ಯಾಗ ಕುಂತಿದ್ರ ತಿಳೀತಿತ್ತಲ್ಲ" ಎಂದರು. "ಅದನ್ನ ನಾನೂ ಹೇಳಾಕತ್ತೇನ್ರಿ. ಆದರ ಅವ ಕುಂತಿದ್ದ, ತಿಳಿದಿರಲಿಲ್ಲ" ಎಂದರು ಬಾಯಾರು. ಸಾಹುಕಾರರು ಹೋಗುವಾಗ ಮಗನ ರಟ್ಟೆ ಬಿಟ್ಟಿದ್ದರು.

ನೋಟ್ಸ್ ಬರೆಸಿರಿ ಎಂದು ನಾವು ದುಂಬಾಲು ಬಿದ್ದರೂ ಬರೆಸಲಿಲ್ಲ. ಒಂದು ಪುಟ ಓದು, ಮುಚ್ಚು, ಪಕ್ಕದವಳಿಗೆ ಹೇಳು, ಅವಳಿಗೆ ತಿಳಿಯದಿದ್ದರೆ ನಿನಗೂ ತಿಳಿದಿಲ್ಲ. ಓದುವುದನ್ನು ಅವರು ಕಲಿಸಿದ್ದು ಇಷ್ಟೇ. ನಾನು ಮುಂದೆ ಜೀವನವಿಡೀ ಮಕ್ಕಳಿಗೆ ಕಲಿಸಿ ಅನ್ನ ತಿಂದದ್ದು ಈ ಒಂದು ಉಪಾಯದ ಮೇಲೆ.

ಇನ್ನು ಪೈಕಿಯ ಮಾತಿಗೆ ಬರುತ್ತೇನೆ. ಹೊಸಬರು ಬಂದರೆ ನಮ್ಮ ಜನ ಯಾವೂರು, ಏನು ಉದ್ಯೋಗ, ಯಾವ ಪೈಕಿ ಎಂದು ಕೇಳುತ್ತಾರೆ. ಕೇಳುವುದರಲ್ಲಿ ವಿಷವಿಲ್ಲ, ಬಿಸಿಲಲ್ಲಿ ಬಂದವರಿಗೆ ನೀರು ಕೊಟ್ಟಷ್ಟೇ ಸಹಜವಾಗಿ ಕೇಳುತ್ತಾರೆ. ಆದರೆ ಉತ್ತರ ಸಿಗುವವರೆಗೆ ಆ ನೀರನ್ನು ಯಾವ ಪಾತ್ರೆಯಲ್ಲಿ ಕೊಡಬೇಕೆಂಬುದು ಅವರಿಗೆ ತಿಳಿಯುವುದಿಲ್ಲ. ಬಾಯಾರು ಮೊದಲೆರಡಕ್ಕೆ ಹೇಳುತ್ತಿದ್ದರು: ಮುಂಬಯಿಯ ಒಂದು ಹಾಸ್ಟೆಲಿನಲ್ಲಿ ಬೆಳೆದೆ, ಧಾರವಾಡದಲ್ಲಿ ಓದಿದೆ, ಇಲ್ಲಿ ಕಲಿಸಲು ಬಂದೆ. ಮೂರನೆಯದಕ್ಕೆ ಮಾತ್ರ "ಅದೊಂದು ಬಿಟ್ಟು ಏನರ ಕೇಳ್ರಿ" ಎನ್ನುತ್ತಿದ್ದರು. ಹೆಸರಿನ ಮುಂದಿನ ಅಡ್ಡಹೆಸರು ಒಂದು ಊರಿನದು, ಅದರಿಂದ ಏನೂ ಹೊರಬೀಳುತ್ತಿರಲಿಲ್ಲ.

ಅವರಿಗೆ ಕೋಣೆ ಕೊಟ್ಟವಳು ಶಾಂತವ್ವ. ಗಂಡ ತೀರಿಹೋದ, ಮಕ್ಕಳಿಲ್ಲದ ಒಬ್ಬಂಟಿ ಒಕ್ಕಲಗಿತ್ತಿ. ಕಾಲೇಜಿನ ಚೇರಮನ್ನರು ಹೇಳಿದರೆಂದು, ಬೀದಿಗೆ ಬಾಗಿಲಿದ್ದ ಹೊರಗಿನ ಕೋಣೆಯನ್ನು ಬಿಟ್ಟುಕೊಟ್ಟಿದ್ದಳು. ಅವಳ ಅಡುಗೆಮನೆಗೂ ಬಾಯಾರ ಕೋಣೆಗೂ ನಡುವೆ ಒಂದೇ ಗೋಡೆ. ಬಾಯಾರು ಅವಳ ಹೊಸ್ತಿಲು ದಾಟುವ ಹಾಗಿಲ್ಲ, ಅವಳು ಬಾಯಾರ ಹೊಸ್ತಿಲು ದಾಟುತ್ತಿರಲಿಲ್ಲ. ಕೊಡದಿಂದ ನೀರು ಕೊಡುವಾಗ ಮೇಲಿನಿಂದ ಸುರಿಯುತ್ತಿದ್ದಳು. ಹಾಗೆಂದು ಪ್ರೀತಿಗೆ ಕೊರತೆಯಿರಲಿಲ್ಲ. ಬಾಯಾರಿಗೆ ರೊಟ್ಟಿ ಬಡಿಯಲು ಕಲಿಸಿದವಳು ಅವಳೇ, ಅದೂ ಗೋಡೆಯ ಆಚೆಯಿಂದ. ಬಡಿಯುವ ಸಪ್ಪಳ ಕೇಳಿಯೇ "ನೀರ ಕಡಿಮಿ ಆಗೇತಿ ಬಾಯಾರ, ಹಿಟ್ಟ ಇನ್ನೊಂಚೂರು ನಾದ್ರಿ" ಎಂದು ಕೂಗುತ್ತಿದ್ದಳು. ಈ ಕಡೆಯಿಂದ ಬಾಯಾರು "ಹೂಂ ಆಯಿ" ಎನ್ನುತ್ತಿದ್ದರು. ಸಪ್ಪಳ ತಿದ್ದಿಕೊಂಡಿತೆಂದರೆ "ಈಗ ಬಂತು ನೋಡ್ರಿ" ಎಂದು ಆಚೆಯಿಂದ ಶಭಾಸ್‌ಗಿರಿ. ಆ ರೊಟ್ಟಿಯನ್ನು ಮಾತ್ರ ಅವಳು ಎಂದೂ ಕಣ್ಣಿಂದ ನೋಡಲಿಲ್ಲ.

ಮೊದಲ ವರ್ಷ ನಮಗೊಂದು ಅಭ್ಯಾಸ ಕೊಟ್ಟರು. ನಿಮ್ಮ ಮನೆಯ ನಕ್ಷೆ ತೆಗೆಯಿರಿ: ಬೀದಿ, ಕಟ್ಟೆ, ಪಡಸಾಲೆ, ಅಡುಗೆಮನೆ, ದೇವರ ಜಗುಲಿ. ಊರಿನವರಲ್ಲಿ ಯಾರು ಎಲ್ಲಿಯ ತನಕ ಬರುತ್ತಾರೆ ಎಂದು ಗುರುತು ಹಾಕಿರಿ. ನಗುನಗುತ್ತ ಶುರು ಮಾಡಿದೆವು. ಗುರುತು ಹಾಕುತ್ತ ಹಾಕುತ್ತ ನಗು ನಿಂತಿತು. ಕೆಲವರ ನಕ್ಷೆಯಲ್ಲಿ ಪಕ್ಕದಲ್ಲಿ ಕೂತ ಗೆಳೆಯನ ಗುರುತು ಕಟ್ಟೆಯ ಕೆಳಗೇ ನಿಂತಿತ್ತು. ಈ ಮುಜುಗರದಿಂದ ಪಾರಾಗಲೆಂದೋ ಏನೋ, ಒಬ್ಬ ಹುಡುಗ "ನಿಮ್ಮ ಮನಿದೂ ತಗೀರಿ ಬಾಯಾರ" ಎಂದ.

ಬಾಯಾರು ಹಲಗೆಯ ಮೇಲೆ ಒಂದು ಚೌಕ ಎಳೆದರು. ಒಂದು ಬಾಗಿಲು, ಒಂದು ಕಿಟಕಿ. ಬಾಗಿಲ ಹೊರಗೆ ಸಾಲಾಗಿ ಚುಕ್ಕಿ ಇಟ್ಟರು. "ಹಾಲಿನಾಂವ ಇಲ್ಲಿತನಕ. ಶಾಂತವ್ವ ಇಲ್ಲಿತನಕ. ಪ್ರಿನ್ಸಿಪಾಲರು ಇಲ್ಲಿತನಕ. ನೀವು ಇಲ್ಲಿತನಕ." ಆಮೇಲೆ ಚೌಕದ ಒಳಗೆ ಒಂದೇ ಒಂದು ಚುಕ್ಕಿ ಇಟ್ಟು, "ಇದು ನಾನು" ಎಂದು ಸೀಮೆಸುಣ್ಣ ಕೆಳಗಿಟ್ಟು ಮುಂದಿನ ಪಾಠಕ್ಕೆ ಹೋದರು. ಅವತ್ತು ತಾಸು ಮುಗಿದರೂ ಯಾರೂ ಹಲಗೆ ಒರೆಸಲಿಲ್ಲ.

ಎರಡನೇ ವರ್ಷ ಕಾಲೇಜಿನ ಬೋರ್ಡಿನ ಮೇಲೆ ಒಂದು ಚೀಟಿ ಬಂತು. ಶನಿವಾರ ಮಧ್ಯಾಹ್ನ, ಮನಸ್ಸಿದ್ದವರಿಗೆ, ಸ್ಪ್ಯಾನಿಷ್ ಭಾಷೆ. ಮುಂಬಯಿಯ ಹಾಸ್ಟೆಲಿನಲ್ಲಿ ಸ್ಪೇನ್ ದೇಶದ ಮುದುಕಿ ಸನ್ಯಾಸಿನಿಯೊಬ್ಬಳು ಬಾಯಾರಿಗೆ ಅದನ್ನು ಕಲಿಸಿದ್ದಳಂತೆ. ಪ್ರಿನ್ಸಿಪಾಲರು "ಮೊದಲ ಇಂಗ್ಲಿಷ್ ಪಾಸಾಗಲೆವ್ವಾ ಇವರು" ಎಂದು ಹಣೆ ಒತ್ತಿಕೊಂಡರು. ಮೊದಲ ಶನಿವಾರ ಕೋಣೆ ತುಂಬಿತ್ತು, ಸ್ಪೇನಿನಲ್ಲಿ ನೌಕರಿ ಸಿಗುತ್ತದೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ಸಿಗುವುದಿಲ್ಲವೆಂದು ತಿಳಿದ ಮೇಲೆ ವಾರ ವಾರಕ್ಕೆ ಬೆಂಚು ಖಾಲಿಯಾಗುತ್ತ ಹೋಗಿ, ದೀಪಾವಳಿಯ ಹೊತ್ತಿಗೆ ನಾನೊಬ್ಬಳೇ ಉಳಿದೆ. ಮಾವನ ಮನೆಗೆ ಬೇಗ ಹೋದರೆ ಎಮ್ಮೆಯ ಸೆಗಣಿ ಬಾಚಬೇಕಾಗುತ್ತಿತ್ತು, ಹಾಗಾಗಿ ನನಗೆ ಸ್ಪ್ಯಾನಿಷ್ ಬಹಳ ಹಿಡಿಸಿತ್ತು.

"ಕೊಮೊ ತೆ ಯಾಮಾಸ್" ಎಂದರೆ ನಿನ್ನ ಹೆಸರೇನು. "ದೆ ದೊಂದೆ ಎರೆಸ್" ಎಂದರೆ ಯಾವ ಊರವಳು. ನಾನು ಎದೆ ಸೆಟೆಸಿ "ಸೊಯ್ ದೆ ಹೊರ್ತಿ" ಎನ್ನುತ್ತಿದ್ದೆ. ಹೊರ್ತಿಯ ಹೆಸರನ್ನು ಆ ಭಾಷೆಯಲ್ಲಿ ಅದಕ್ಕೂ ಮೊದಲು ಯಾರೂ ಹೇಳಿರಲಿಕ್ಕಿಲ್ಲ. ಒಂದು ದಿನ ಕೇಳಿದೆ, "ಇದರಾಗ ಯಾವ ಪೈಕಿ ಅಂತ ಹೆಂಗ ಕೇಳೂದ್ರಿ ಬಾಯಾರ?"

ಬಾಯಾರು ನಕ್ಕರು. "ನನಗ ಕಲಿಸಿದಾಕಿ ಅದನ್ನ ಕಲಿಸಲಿಲ್ಲ ತಂಗಿ." ಆಮೇಲೆ, "ಆದರ ಸುಳ್ಳ ಹೇಳಬಾರದು. ಇಂಗ್ಲಿಷಿನ್ಯಾಗ ಕಾಸ್ಟ್ ಅಂತಾರಲ್ಲ, ಆ ಶಬ್ದ ಹುಟ್ಟಿದ್ದ ಆ ಕಡೆ" ಎಂದರು.

"ಮತ್ತ್ಯಾಕ ಇದರ ಮ್ಯಾಲ ಇಷ್ಟು ಜೀವ ನಿಮಗ?"

"ಕನ್ನಡದಾಗ ಬಾಯಿ ತೆರದ್ರ ಸಾಕು, ನಿನ್ನ ಊರು, ನಿನ್ನ ಓಣಿ, ನಿನ್ನ ಒಲಿಮ್ಯಾಗ ಏನ್ ಕುದೀತೈತಿ ಅನ್ನೂದು ಎಲ್ಲಾರಿಗೂ ತಿಳೀತೈತಿ. ಈ ಮಾತು ಇಲ್ಲಿ ಯಾರ ಮನಿದೂ ಅಲ್ಲ. ನೀನೂ ತಪ್ಪ ತಪ್ಪ ಆಡ್ತಿ, ನಾನೂ ತಪ್ಪ ತಪ್ಪ ಆಡ್ತೇನಿ. ಮತ್ತ, ಯಾರರ ಒಬ್ಬರು ಹೊಳ್ಳಿ ಮಾತಾಡೋರು ಬೇಕಲ್ಲ ತಂಗಿ."

ಕೊನೆಯ ಮಾತನ್ನು ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು. ಆಮೇಲಾಮೇಲೆ ಶನಿವಾರ ಪಾಠ ನಡೆಯುತ್ತಿರಲಿಲ್ಲ. ಬಾಯಾರು ಆ ಭಾಷೆಯಲ್ಲಿ ಒಂದೇ ಸಮನೆ ಮಾತಾಡುತ್ತಿದ್ದರು, ಕೆಲವೊಮ್ಮೆ ನಗುತ್ತಿದ್ದರು, ಒಮ್ಮೆ ಕಣ್ಣು ಒರೆಸಿಕೊಂಡರು. ನನಗೆ ಕಾಲುಭಾಗ ತಿಳಿಯುತ್ತಿತ್ತು. ಉಳಿದದ್ದಕ್ಕೆ "ಸಿ, ಸಿ" ಎನ್ನುತ್ತಿದ್ದೆ. ಹೌದು, ಹೌದು ಎಂದರ್ಥ. ಅಷ್ಟು ಸಾಕಾಗುತ್ತಿತ್ತು ಅವರಿಗೆ, ಅದೇ ನನಗೆ ಈಗಲೂ ಕೆಡುಕೆನಿಸುವುದು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಬುಟ್ಟಿ ತುಂಬ ಸಜ್ಜಿ ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಯ. ಹೊಲವಿಲ್ಲದವರನ್ನೂ ಯಾರಾದರೂ ಕರೆದೇ ಕರೆಯುತ್ತಾರೆ, ಪಂಕ್ತಿಯಲ್ಲಿ ಅವರನ್ನು ಎಲ್ಲಿ ಕೂಡಿಸಬೇಕೆಂಬುದು ಗೊತ್ತಿದ್ದರೆ. ಅವತ್ತು ನಾನು ಮಾವನ ಮನೆಯವರ ಜೊತೆ ಬಂಡಿಯಲ್ಲಿ ಹೋಗುವಾಗ, ನಿರ್ಜನ ಓಣಿಯಲ್ಲಿ ಬಾಯಾರು ಒಬ್ಬರೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಓದುತ್ತ ಕೂತಿದ್ದರು. ಬಂಡಿಯ ಸಪ್ಪಳಕ್ಕೆ ತಲೆ ಎತ್ತಿ ಕೈ ಬೀಸಿದರು. ಸಂಜೆ ತಿರುಗಿ ಬರುವಾಗಲೂ ಅಲ್ಲೇ ಇದ್ದರು.

ಶಾಂತವ್ವನಿಗೆ ಇದನ್ನು ನೋಡಲಾಗಲಿಲ್ಲ. ಮರುದಿನ ನಾನು ಪುಸ್ತಕ ಕೊಡಲು ಹೋದಾಗ ಅವಳು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು, ಬಾಯಾರು ತಮ್ಮ ಹೊಸ್ತಿಲಲ್ಲಿ ನಿಂತಿದ್ದರು.

"ಒಂದ ಮಾತ ಹೇಳಿಬಿಡ್ರಿ ಬಾಯಾರ. ಯಾವುದರ ಇರಲಿ. ನಮ್ಮ ಪೈಕಿ ಆಗದಿದ್ರೂ ಈ ಊರಾಗ ನಿಮ್ಮ ಪೈಕಿ ನಾಕ ಮನಿ ಇದ್ದ ಇರ್ತಾವ. ನಿನ್ನೆ ಒಬ್ಬರ ಕುಂತಿದ್ದು ನೋಡಿ ನನಗ ಹೊಲದಾಗ ಕಡಬು ಇಳೀಲಿಲ್ರಿ."

"ಹೇಳಿದ್ರ ನಾಕ ಮನಿ ಬಾಗಲಾ ತೆರೀತಾವ ಆಯಿ. ಉಳದಾವೆಲ್ಲ ಮುಚ್ಚತಾವ" ಎಂದರು ಬಾಯಾರು. "ಕೇಳದನ ಕರಿಯೋ ಮನಿ ಒಂದ ಒಂದು ಸಿಗಲಿ. ನಾ ಅದರ ದಾರಿ ನೋಡಾಕತ್ತೇನಿ."

ಶಾಂತವ್ವ ಮೊರದೊಳಗಿನ ಜೋಳದಲ್ಲಿ ಕೈಯಾಡಿಸಿದಳು. ಕರೆಯಬೇಕೆಂದು ಅವಳ ಮನಸ್ಸಿನಲ್ಲಿತ್ತು, ಅದು ಮುಖದ ಮೇಲೆಯೇ ಕಾಣುತ್ತಿತ್ತು. ಆದರೆ ದಾಯಾದಿಗಳು, ಮಠ, ನಾಳೆ ತಾನು ಸತ್ತರೆ ಹೊರುವವರು, ಎಲ್ಲರೂ ಆ ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕೂತಿದ್ದರು. ಅವಳು ಕರೆಯಲಿಲ್ಲ. ಬಾಯಾರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಒಳಗೆ ಹೋದರು.

ನಾನು ಓದು ಮುಗಿಸಿ ಹೂವಿನ ಹಿಪ್ಪರಗಿಯಲ್ಲಿ ಸಾಲೆಯ ಶಿಕ್ಷಕಿಯಾದೆ. ಸಿಂದಗಿಗೆ ಹೋದಾಗಲೆಲ್ಲ ಬಾಯಾರ ಹೊಸ್ತಿಲಲ್ಲಿ ಕೂತು, ನೆನಪಿದ್ದಷ್ಟು ಸ್ಪ್ಯಾನಿಷ್ ಮಾತಾಡಿ ಬರುತ್ತಿದ್ದೆ. ದಶಕ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ, ನನ್ನ ಜೊತೆ ಓದಿ ಬಸ್ ಕಂಡಕ್ಟರ್ ಆಗಿದ್ದ ಹುಡುಗ ಸಾಲೆಯ ಮುಂದೆ ಬಸ್ಸು ನಿಲ್ಲಿಸಿ ಇಳಿದು ಬಂದ. ಬಾಯಾರಿಗೆ ಕಾಮಾಲೆಯಾಗಿತ್ತಂತೆ. ಛತ್ರಿ ಹಿಡಿದು ತಾವೊಬ್ಬರೇ ಬಸ್ಸು ಹತ್ತಿ ಬಿಜಾಪುರದ ಆಸ್ಪತ್ರೆಗೆ ಹೋಗಿದ್ದರಂತೆ. ಅಲ್ಲೇ ತೀರಿಕೊಂಡರು. ಇನ್ನೂ ಐವತ್ತು ಆಗಿರಲಿಲ್ಲ.

ನಾನು ಸಿಂದಗಿ ಮುಟ್ಟಿದಾಗ ದೇಹವನ್ನು ಬಿಜಾಪುರದಿಂದ ತಂದು ಶಾಂತವ್ವನ ಕಟ್ಟೆಯ ಮೇಲೆ ಇಟ್ಟಿದ್ದರು. ಊರು ನೆರೆದಿತ್ತು. ಚೇರಮನ್ನರು, ಪ್ರಿನ್ಸಿಪಾಲರು, ಹಳೆಯ ಹುಡುಗರು, ಅಡತಿ ಸಾಹುಕಾರರು, ಎಲ್ಲರೂ ಬಂದಿದ್ದರು. ಬಂದವರು ನಿಂತೇ ಇದ್ದರು. ಏಕೆಂದರೆ ಮುಂದೇನು ಮಾಡಬೇಕೆಂಬುದು ಯಾರಿಗೂ ತಿಳಿಯದು. ಸುಡುವುದೋ, ಹೂಳುವುದೋ? ಹೂಳುವುದಾದರೆ ಕೂಡಿಸಿಯೋ, ಮಲಗಿಸಿಯೋ? ಯಾರ ಭೂಮಿಯಲ್ಲಿ? ಸಿಂದಗಿಯಲ್ಲಿ ಒಂದೊಂದು ಪೈಕಿಗೆ ಒಂದೊಂದು ಜಾಗ. ಮುಂಬಯಿಯ ಹಾಸ್ಟೆಲಿಗೆ ತಂತಿ ಕೊಟ್ಟರೆ, ಅದು ಮುಚ್ಚಿ ಎಷ್ಟೋ ಕಾಲವಾಯಿತೆಂದು ಗೊತ್ತಾಗಿತ್ತು.

ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. "ನಿನಗ ಹೇಳಿರಬೇಕವಾ" ಎಂದರು ಚೇರಮನ್ನರು. "ಶನಿವಾರ ಶನಿವಾರ ಅಷ್ಟು ಮಾತಾಡ್ತಿದ್ರಿ. ಈಗರ ಹೇಳು, ಯಾವ ಪೈಕಿ?"

"ಹೇಳಿಲ್ರಿ" ಎಂದೆ. ಯಾರೂ ನಂಬಲಿಲ್ಲ.

ಬಿಸಿಲು ಏರುತ್ತಿತ್ತು. ಅಲ್ಲಿ ಕೆಟ್ಟವರೆಂಬವರು ಒಬ್ಬರೂ ಇರಲಿಲ್ಲ, ಎಷ್ಟೋ ಜನ ಅಳುತ್ತಿದ್ದರು. ಆದರೆ ಹೆಗಲು ಕೊಡಲು ಯಾರೂ ಮುಂದೆ ಬರಲಾರರು. ಕಡೆಗೆ ಸಾಹುಕಾರರು "ಸುಟ್ಟರ ಹೊಳ್ಳಿ ಬರೂದಿಲ್ಲ. ಹೂಳೂಣು. ನಾಳೆ ಯಾರರ ಅವರ ಪೈಕಿಯವರು ಬಂದ್ರ ತೋರಸಾಕ ಒಂದು ಜಾಗಾ ಇರತೈತಿ" ಎಂದು ವ್ಯಾಪಾರಸ್ಥರ ಬುದ್ಧಿಯ ಒಂದು ಮಾತು ಹೇಳಿದರು. ಎಲ್ಲರಿಗೂ ಸರಿಯೆನಿಸಿತು. ಎಲ್ಲಿ ಎಂಬ ಪ್ರಶ್ನೆ ಮಾತ್ರ ಉಳಿಯಿತು.

"ನನ್ನ ಬಂಡಿ ಹೂಡ್ರಿ. ನನ್ನ ಹೊಲದ ಬದುವಿಗೆ ತಗ್ಗ ತಗೀರಿ" ಎಂದಳು ಶಾಂತವ್ವ.

"ಕೂಡಿಸೂದೇನವಾ, ಮಲಗಿಸೂದೇನು?" ಎಂದು ತಗ್ಗು ತೆಗೆಯುವವರು ಕೇಳಿದರು.

"ಮಲಗಿಸ್ರಿ. ಕುಂತ ಕುಂತ ದಣದಾಳ."

ಮೂರನೇ ದಿನ, ಮಣ್ಣು ಕೊಟ್ಟಲ್ಲಿಗೆ ಮನೆಯವರು ಎಡೆ ಒಯ್ಯುವುದು, ಒಯ್ದವರು ಅಲ್ಲಿಯೇ ಕೂತು ಒಂದು ತುತ್ತು ಉಂಡು ಬರುವುದು ನಮ್ಮ ಕಡೆಯ ರೂಢಿ. ಬಾಯಾರಿಗೆ ಮನೆಯವರೆಂದು ಯಾರಿದ್ದಾರೆ ಎಂದುಕೊಂಡು, ನಾನು ಮಾವನ ಹೆಂಡತಿಗೆ, ಅಂದರೆ ನಮ್ಮ ಅತ್ತೆಗೆ ಹೇಳಿ ರೊಟ್ಟಿ ಮಾಡಿಸಿ, ಅವಳನ್ನೂ ಕರೆದುಕೊಂಡು ಹೊಲಕ್ಕೆ ಹೋದೆ. ಹೋಗಿ ನೋಡಿದರೆ ಬದುವಿನ ಮೇಲೆ ಶಾಂತವ್ವನ ಸುತ್ತ ಆಗಲೇ ಹೆಂಗಸರಿದ್ದರು. ಬೇರೆ ಬೇರೆ ಓಣಿಯವರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ರೊಟ್ಟಿ ಗಂಟು, ಒಬ್ಬರನ್ನೊಬ್ಬರು ಕಂಡು ಗೊಂದಲ. ಒಬ್ಬಳು "ಸೋಮವಾರ ಒಂದ ಹೊತ್ತ ಉಣ್ತಿದ್ರಂತ, ನಮ್ಮವರ ಇರಬೇಕು ಅಂತ ಬಂದ್ನಿ" ಎಂದಳು. ಇನ್ನೊಬ್ಬಳಿಗೆ ಅವರು ಸೆರಗು ಹೊದೆಯುತ್ತಿದ್ದ ರೀತಿ ತಮ್ಮವರ ಹಾಗೆ ಕಂಡಿತ್ತು. ನಮ್ಮ ಅತ್ತೆ ನನ್ನ ಕಿವಿಯಲ್ಲಿ "ಕಂಬಳಿ ಮ್ಯಾಲ ಮಲಗ್ತಿದ್ರಂತಲ್ಲ, ನಮ್ಮ ಪೈಕಿನ ಅದಾರ ಬಿಡು" ಎಂದಳು. ಬದುಕಿದ್ದಾಗ ಯಾರಿಗೂ ಸೇರದಿದ್ದವರು ಈಗ ಎಲ್ಲರಿಗೂ ಸೇರಿಬಿಟ್ಟಿದ್ದರು.

ಗಂಟುಗಳನ್ನೆಲ್ಲ ಬಿಚ್ಚಿ ಮಣ್ಣಿನ ಮುಂದೆ ಸಾಲಾಗಿ ಇಟ್ಟರು. ಇನ್ನು ಉಣ್ಣಬೇಕು. ಯಾರೂ ಕೈ ಚಾಚಲಿಲ್ಲ. ತಮ್ಮ ಗಂಟು ಯಾವುದು, ಪಕ್ಕದ್ದು ಯಾರದು ಎಂದು ಒಬ್ಬೊಬ್ಬರೂ ಕಣ್ಣಿನಲ್ಲೇ ಗುರುತು ಹಿಡಿಯುತ್ತಿದ್ದರು. ಒಂದಿಬ್ಬರು ತಮ್ಮ ಗಂಟನ್ನು ಮೆಲ್ಲಗೆ ತಮ್ಮ ಕಡೆ ಸರಿಸಿಕೊಂಡು ಬೆನ್ನು ತಿರುಗಿಸಿ ಕೂತರು. ಆಗ ಶಾಂತವ್ವ ಕೂತಲ್ಲಿಂದಲೇ ಬಗ್ಗಿ, ಕೈಗೆ ಸಿಕ್ಕ ಒಂದು ಗಂಟಿನಿಂದ ರೊಟ್ಟಿ ಮುರಿದಳು.

"ಶಾಂತವ್ವ, ಅದು ಯಾರದಂತ..." ಎಂದು ಯಾರೋ ಶುರು ಮಾಡಿದರು.

"ಕೇಳಬ್ಯಾಡ" ಎಂದಳು. ರೊಟ್ಟಿ ಬಾಯಿಗೆ ಇಟ್ಟುಕೊಂಡಳು. ಅಗಿಯಲಾಗಲಿಲ್ಲ, ಅಳು ಬಂತು. ನುಂಗಿಕೊಂಡು, ಮಣ್ಣನ್ನು ನೋಡುತ್ತ ಹೇಳಿದಳು:

"ನಡುವ ಒಂದ ಗ್ವಾಡಿ. ಇಷ್ಟ ವರ್ಷ ಆ ಕಡೆ ಆಕಿ ಒಬ್ಬಾಕಿ ಕುಂತ ಉಂಡಳು, ಈ ಕಡೆ ನಾ ಒಬ್ಬಾಕಿ ಕುಂತ ಉಂಡೆ."